ಇಪ್ಪತ್ತೆರಡು ಹೆಜ್ಜೆ: ಎರಡು ಇಲಾಖೆಗಳಿಗೆ ಒಬ್ಬ ಅಂಗನವಾಡಿ ಟೀಚರ್ ಬರೆದ ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ, ಒಂದನೇ ಕ್ಲಾಸು ತೆಗೆದುಕೊಳ್ಳುವ ಮೇಷ್ಟ್ರು-ಮೇಡಂಗಳಿಗೆ, ಈ ಸಲ ಮಗುವನ್ನು ಮೊದಲ ಬಾರಿಗೆ ಸ್ಕೂಲಿಗೆ ಬಿಡಲಿರುವ ಅಪ್ಪ-ಅಮ್ಮಂದಿರಿಗೆ,

ನಮಸ್ಕಾರ.

ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಇಪ್ಪತ್ತೊಂದು ವರ್ಷ ಆಯಿತು. ಸರ್ಕಾರದ ಕಾಗದದಲ್ಲಿ ನಾನು ಕಾರ್ಯಕರ್ತೆ. ಮಕ್ಕಳಿಗೆ ಮಾತ್ರ ಮೊದಲಿಂದಲೂ ಮಿಸ್ಸು.

ನಮ್ಮ ಅಂಗನವಾಡಿಯೂ ಊರಿನ ಪ್ರಾಥಮಿಕ ಶಾಲೆಯೂ ಒಂದೇ ಕಾಂಪೌಂಡಿನೊಳಗಿವೆ. ನಡುವೆ ಒಂದು ಬೇವಿನ ಮರ, ಒಂದು ಬೋರ್‌ವೆಲ್. ನನ್ನ ಬಾಗಿಲಿನಿಂದ ಒಂದನೇ ಕ್ಲಾಸಿನ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಒಂದು ದಿನ ಸುಮ್ನೆ ಎಣಿಸಿದ್ದೆ. ಮಕ್ಕಳ ಹೆಜ್ಜೆಯಲ್ಲಿ ನಲವತ್ತಾದರೂ ಆದೀತು. ಈ ಪತ್ರ ಬರೆಯುತ್ತಿರುವುದು ಆ ಹೆಜ್ಜೆಗಳ ವಿಷಯಕ್ಕೆ.

ಕೆಲವು ವರ್ಷದ ಹಿಂದಿನ ಮಾತು. ಶಾಲೆ ಶುರುವಾಗಿ ಮೂರನೇ ದಿನ. ಹೊರಗೆ ಜಿಟಿಜಿಟಿ ಮಳೆ. ನಾನು ತಕ್ಕಡಿಯಲ್ಲಿ ಒಂದು ಕೂಸನ್ನು ಮಲಗಿಸಿ ತೂಕ ನೋಡುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಹೊಸ ಯೂನಿಫಾರ್ಮು, ಎರಡು ವರ್ಷ ಬರಲಿ ಅಂತ ದೊಡ್ಡದೇ ಹೊಲಿಸಿದ್ದು, ಅರ್ಧ ತೋಳಿನ ಅಂಗಿಯ ತೋಳು ಮೊಣಕೈ ದಾಟಿತ್ತು. ಶೂ ಬಿಚ್ಚಿ ಹೊಸ್ತಿಲಿನಾಚೆ ಜೋಡಿಸಿಟ್ಟ. ಒಳಗೆ ಬಂದು ಕಿಟಕಿ ಪಕ್ಕ, ಮೂರು ವರ್ಷ ತಾನು ಕೂತ ಜಾಗಕ್ಕೇ ಹೋದ. ಅಲ್ಲಿ ಆಗಲೇ ಹೊಸದಾಗಿ ಸೇರಿದ ಮೂರು ವರ್ಷದ ಮಗುವೊಂದು ಕೂತಿತ್ತು. ಅದನ್ನು ಚೂರೇ ಚೂರು ಸರಿಸಿ, ಪಕ್ಕದಲ್ಲಿ ಕಾಲು ಮಡಚಿಕೊಂಡು ಕೂತ.

"ಯಾಕೋ ಬಂದೆ?" ಅಂದೆ.

"ಅಲ್ಲಿ ನನ್ನ ಜಾಗ ಇಲ್ಲ ಮಿಸ್."

ಅಳಲಿಲ್ಲ. ಮಳೆ ಬರ್ತಿದೆ ಅನ್ನುವ ಹಾಗೆ ಹೇಳಿದ. ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದೆ. ಟೀಚರಿಗೆ ಆಶ್ಚರ್ಯ. "ಇವನು ಶಾಲೆ ಶುರುವಾದಾಗಿಂದ ಬಂದೇ ಇಲ್ವಲ್ಲ" ಅಂದರು. ಹಾಜರಿ ಪುಸ್ತಕ ತೆರೆದು ತೋರಿಸಿದರು. ನಿಜವೇ, ಮೂರು ದಿನವೂ ಗೈರುಹಾಜರಿ. ಆದರೆ ಮೂರು ದಿನವೂ ಬೆಳಿಗ್ಗೆ ಅವನ ಅಜ್ಜಿ ಅವನನ್ನು ತಂದುಬಿಟ್ಟದ್ದನ್ನು ನಾನೇ ನೋಡಿದ್ದೆ.

ಆಗಿದ್ದು ಇಷ್ಟೇ. ಪುಸ್ತಕದಲ್ಲಿ ಅವನಿಗೆ ಉದ್ದದ ಹೆಸರು, ಅದಕ್ಕೆ ಹಿಂದೆ ಎರಡು ಇನಿಷಿಯಲ್ಲು. ಮನೆಯಲ್ಲಿ ಅವನು ಮರಿ. ಬೀದಿಯಲ್ಲಿ ಮರಿ. ನನ್ನ ರಿಜಿಸ್ಟರಿನಲ್ಲೂ ಉದ್ದದ ಹೆಸರೇ ಇತ್ತು, ಆದರೆ ಮೂರು ವರ್ಷ ನಾನೂ ಅವನನ್ನು ಮರಿ ಅಂತಲೇ ಕರೆದಿದ್ದೆ. ಟೀಚರ್ ಪುಸ್ತಕದ ಹೆಸರು ಕೂಗಿದಾಗ ಅವನು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಿದ್ದ. ಕ್ಲಾಸಿನಲ್ಲೇ ಕೂತು ಮೂರು ದಿನ ಗೈರುಹಾಜರಾಗಿದ್ದ. ಜಾಗ ಇಲ್ಲ ಅಂದದ್ದರಲ್ಲಿ ತಪ್ಪೇನಿತ್ತು ಹೇಳಿ?

ಟೀಚರನ್ನು ದೂರುವುದಿಲ್ಲ. ಒಂದೇ ಕೊಠಡಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು. ಅವರು ಆ ಊರಿಗೆ ಬಂದೇ ಒಂದು ವಾರವಾಗಿತ್ತು. ಅವನ ಮನೆ ಹೆಸರು ಗೊತ್ತಿದ್ದದ್ದು ನನಗೆ. ಅವನಿಗೆ ಜೋರು ಸದ್ದು ಆಗುವುದಿಲ್ಲ, ಹಾಲಿನ ಕೆನೆ ಕಂಡರೆ ವಾಂತಿ, ಅಪ್ಪ ಕೊಡಗಿನ ತೋಟದಲ್ಲಿ ಇದ್ದಾನೆ, ಅಜ್ಜಿಯೇ ಕರೆದೊಯ್ಯುವುದು, ಎಲ್ಲ ನನಗೆ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೋಗಿ ಹೇಳಲಿಲ್ಲ.

ಒಂದು ವಿಷಯ ನೆನಪಿಸುತ್ತೇನೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಜಿಲ್ಲೆಯ ತಿ. ನರಸೀಪುರವನ್ನು. ರಾಜ್ಯದ ಅಂಗನವಾಡಿ ಹುಟ್ಟಿದ್ದು ಅಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೆ, 1995ರ ಸುಮಾರಿಗೆ, ಇದೇ ಜಿಲ್ಲೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದರು. ಬಂದು ತಾವೇ ಕೂತು ಕಾರ್ಡು, ಹಾಡು, ಕಲಿಕಾ ಏಣಿ ಎಲ್ಲ ಮಾಡಿದರು. ಅದೇ ನಲಿ ಕಲಿ, ಪುಟ್ಟ ಮಕ್ಕಳಿಗೆ ಆಡಿಸುತ್ತಾ ಕಲಿಸುವ ಪದ್ಧತಿ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಹೋಯಿತು. ಪುಟ್ಟ ಮಕ್ಕಳ ವಿಷಯಕ್ಕೆ ರಾಜ್ಯದಲ್ಲಿ ನಡೆದ ಎರಡು ದೊಡ್ಡ ಕೆಲಸ ಒಂದೇ ಜಿಲ್ಲೆಯಲ್ಲಿ ಹುಟ್ಟಿವೆ. ಆದರೆ ಒಂದು ಒಂದು ಇಲಾಖೆಗೆ, ಇನ್ನೊಂದು ಇನ್ನೊಂದು ಇಲಾಖೆಗೆ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟ ಹಾಗೆ ಆಗಿದೆ.

ನನ್ನ ಮೇಲೆ ಮೇಲ್ವಿಚಾರಕಿ, ಅವರ ಮೇಲೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಶಾಲೆಯವರ ಕಡೆ ಸಿಆರ್‌ಪಿ ಅನ್ನುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅವರ ಮೇಲೆ ಬಿಇಒ ಅನ್ನುವ ಕ್ಷೇತ್ರ ಶಿಕ್ಷಣಾಧಿಕಾರಿ. ಮಕ್ಕಳ ವಿವರ ತುಂಬಲು ನನಗೆ ಪೋಷಣ್ ಟ್ರ್ಯಾಕರ್ ಆ್ಯಪ್, ಶಾಲೆಯವರಿಗೆ ಸ್ಯಾಟ್ಸ್ ಅನ್ನುವ ಆನ್‌ಲೈನ್ ದಾಖಲೆ. ಮಗುವಿನ ತೂಕ, ಎತ್ತರ, ಆಧಾರ್ ನಂಬರು ಎಲ್ಲ ಎರಡೂ ಕಡೆ ಇದೆ. ಮಗುವನ್ನು ಕೈಯಿಂದ ಕೈಗೆ ಕೊಡುವ ದಿನ ಅಂತ ಒಂದು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಅಧಿಕಾರಿಗಳು ಹೇಳಬಹುದು, ಅದಕ್ಕೇ ವಿದ್ಯಾ ಪ್ರವೇಶ ಇದೆಯಲ್ಲ ಅಂತ. ಇದೆ. ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿಯವರು ಮಾಡಿದ್ದು, 2021ರ ಜುಲೈನಲ್ಲಿ ಬಿಡುಗಡೆಯಾಯಿತು. ಒಂದನೇ ಕ್ಲಾಸಿಗೆ ಬಂದ ಮಗುವಿಗೆ ಮೊದಲ ಮೂರು ತಿಂಗಳು, ಅಂದರೆ ಹನ್ನೆರಡು ವಾರ, ಆಟದ ಮೂಲಕವೇ ಕಲಿಸಬೇಕು ಅನ್ನುತ್ತದೆ. ಪಕ್ಕದ ಟೀಚರ್ ಹತ್ತಿರ ಪುಸ್ತಕ ಇಸ್ಕೊಂಡು ಓದಿದ್ದೇನೆ. ಚೆನ್ನಾಗಿದೆ. ನಲಿ ಕಲಿ ಕೊಠಡಿಯೂ ಚೆನ್ನಾಗಿದೆ. ನೆಲದ ಮೇಲೆ ಕೂರುವುದು, ಮಗುವಿನ ಕೈಗೆಟುಕುವ ಕಪ್ಪು ಹಲಗೆ, ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ. ನನ್ನ ಮಕ್ಕಳಿಗೆ ಇದೆಲ್ಲ ಹೊಸದೇನಲ್ಲ, ಇಲ್ಲಿ ಚಿಲಿಪಿಲಿ, ಅಂದರೆ ಅಂಗನವಾಡಿಯ ಆಟ-ಪಾಠ, ಆಡಿ ಹೋದವರೇ. ಹಾಗಾಗಿ ಕಲಿಸುವ ವಿಧಾನದ ಬಗ್ಗೆ ನನ್ನ ತಕರಾರಿಲ್ಲ. ಹನ್ನೆರಡು ವಾರದ ಪುಸ್ತಕ ತೆರೆಯುವುದಕ್ಕೆ ಮೊದಲು ಹನ್ನೆರಡು ದಿನ ಇದೆಯಲ್ಲ, ಮಗು ಬಾಗಿಲು ಹಿಡಿದುಕೊಂಡು ನಿಂತಿರುತ್ತದಲ್ಲ, ನಾನು ಹೇಳುತ್ತಿರುವುದು ಅದನ್ನು.

ಆ ದಿನಗಳಲ್ಲಿ ಏನಾಗುತ್ತದೆ ಅಂತ ಅಧಿಕಾರಿಗಳು ನೋಡಿರುವುದು ಕಡಿಮೆ. ಅವರು ಬರುವುದು ಪ್ರಾರಂಭೋತ್ಸವದ ದಿನ. ಆವತ್ತು ಮಾವಿನ ತೋರಣ, ಬಲೂನು, ಪಾಯಸ, ಕೈಗೊಂದು ಗುಲಾಬಿ. ಊರಿನವರಿಗೆ ಶಾಲೆ ನಮ್ಮದು ಅನ್ನಿಸುವುದು ಒಳ್ಳೆಯದೇ. ಎತ್ತಿನ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿ ಮೆರವಣಿಗೆ ಮಾಡಿದ ವರ್ಷ ನನಗೂ ಖುಷಿಯಾಗಿತ್ತು. ಆದರೆ ಐದಾರು ವರ್ಷದ ಮಗು ಮೊದಲ ದಿನ ಕೇಳುವುದು ತಮಟೆ ಸದ್ದು, ಮೈಕಿನ ಕೀರಲು, ಆಮೇಲೆ ನಾಲ್ಕು ಜನರ ಭಾಷಣ. ಮರಿ ಆವತ್ತು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದ. ಕೈ ಖಾಲಿ ಇಲ್ಲದ್ದರಿಂದ ಗುಲಾಬಿ ಅವನ ಜೇಬಿಗೆ ಸಿಕ್ಕಿಸಿದರು. ಫೋಟೊ ಮಾತ್ರ ಚೆನ್ನಾಗಿ ಬಂತು.

ಇನ್ನೊಂದು ಹೇಳಲೇಬೇಕು. ಹೇಳಿದರೆ ಕೆಲವರಿಗೆ ಮುಜುಗರ ಆಗಬಹುದು. ಶೌಚಾಲಯ.

ಅಂಗನವಾಡಿಯಲ್ಲಿ ಮಗು ಸಹಾಯಕಿಯ ಸೆರಗು ಎಳೆಯುತ್ತದೆ, ಅಷ್ಟೇ. ಅವಳಿಗೆ ಅರ್ಥವಾಗುತ್ತದೆ. ಶಾಲೆಯಲ್ಲಿ ಕಿರುಬೆರಳು ಎತ್ತಬೇಕು, ಟೀಚರ್ ನೋಡಬೇಕು, ಹೂಂ ಅನ್ನಬೇಕು, ಒಬ್ಬನೇ ಹೋಗಬೇಕು. ನಮ್ಮ ಶಾಲೆಯ ಶೌಚಾಲಯದ ಚಿಲಕ ದೊಡ್ಡವರ ಎದೆ ಮಟ್ಟಕ್ಕಿದೆ. ಒಳಗೆ ಹಗಲಲ್ಲೂ ಕತ್ತಲು. ಒಂದು ಹುಡುಗಿ ಒಂದು ವಾರ ಪೂರ್ತಿ ಶಾಲೆಯಲ್ಲಿ ಹಾಲು ಕುಡಿಯಲಿಲ್ಲ, ನೀರೂ ಮುಟ್ಟಲಿಲ್ಲ. ಬೆಳಿಗ್ಗೆ ಹೊಟ್ಟೆ ನೋವು ಅಂತ ಅಳು. ಅವಳಮ್ಮ ದೃಷ್ಟಿ ತೆಗೆದರು, ಜಂತುಹುಳದ ಮಾತ್ರೆ ಕೊಡಿಸಿದರು, ದೇವರಿಗೆ ಹರಕೆಯನ್ನೂ ಕಟ್ಟಿದರು. ಕೊನೆಗೆ ಮಗುವೇ ನಮ್ಮ ಸಹಾಯಕಿಯ ಹತ್ತಿರ ಹೇಳಿದ್ದು: "ಬಾಗಿಲು ಹಾಕ್ಕೊಂಡ್ರೆ ತೆಗೆಯೋಕೆ ಬರಲ್ಲ." ಕುಡಿದರೆ ತಾನೇ ಹೋಗಬೇಕಾಗುವುದು, ಕುಡಿಯದಿದ್ದರೆ ಆಯಿತು ಅಂತ ಆ ಮಗು ಲೆಕ್ಕ ಹಾಕಿತ್ತು.

ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಿಂದ ಬರುತ್ತಿದೆ. ಈಗ ರಾಗಿ ಮಾಲ್ಟೂ ಸೇರಿದೆ. ಮೊಟ್ಟೆ, ಬಾಳೆಹಣ್ಣು, ಬಿಸಿಯೂಟ ಎಲ್ಲ ಇದೆ. ಇಷ್ಟೆಲ್ಲ ಕೊಡುವ ಸರ್ಕಾರ ಚಿಲಕವನ್ನು ಒಂದೂವರೆ ಅಡಿ ಕೆಳಗೆ ಇಳಿಸಬಹುದು ಅಲ್ವಾ? ಶಾಲೆ ನೋಡಿಕೊಳ್ಳುವ ಸಮಿತಿ, ಎಸ್‌ಡಿಎಂಸಿಯವರು, ಒಬ್ಬ ಬಡಗಿಯನ್ನು ಕರೆಸಿದರೆ ಅರ್ಧ ಗಂಟೆ ಕೆಲಸ. ಒಂದನೇ ಕ್ಲಾಸಿನ ಮೊದಲ ದಿನದ ಮೊದಲ ಪಾಠ ಅ-ಆ ಆಗುವುದು ಬೇಡ. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಶೌಚಾಲಯ ತೋರಿಸಿ, ಪ್ರತಿಯೊಬ್ಬರ ಕೈಯಲ್ಲೂ ಒಂದು ಸಲ ಬಾಗಿಲು ಹಾಕಿಸಿ ತೆಗೆಸಿ. ನೀರು ಎಲ್ಲಿ, ಕೈ ತೊಳೆಯುವುದು ಎಲ್ಲಿ, ಅಡುಗೆ ಅಮ್ಮ ಯಾರು ಅಂತ ತೋರಿಸಿ. ಆವತ್ತಿಗೆ ಅಷ್ಟು ಸಾಕು.

ಭಾಷೆಯದೂ ಒಂದು ಕಥೆ. ನಮ್ಮಲ್ಲಿ ಉರ್ದು ಮಾತಾಡುವ ಮನೆಗಳಿವೆ. ಪಕ್ಕದ ಹಾಡಿಯಿಂದ ಜೇನು ಕುರುಬರ ಮಕ್ಕಳು ಬರುತ್ತಾರೆ. ಅವರ ಮನೆಮಾತು ಕನ್ನಡಕ್ಕೆ ಹತ್ತಿರ, ಆದರೆ ಪಠ್ಯಪುಸ್ತಕದ ಕನ್ನಡ ಅಲ್ಲ. ಮಂಗಳೂರು ಕಡೆಯವರು ತುಳು, ಬ್ಯಾರಿ ಅಂತ, ಉತ್ತರದ ಕಡೆಯವರು ತಾಂಡಾದ ಲಂಬಾಣಿ ಮಕ್ಕಳು ಅಂತ ಇದೇ ಕಷ್ಟ ಹೇಳಿಯಾರು. ಪೂರ್ತಿ ಭಾಷೆ ಕಲಿಯಿರಿ ಅಂತ ಯಾರೂ ಟೀಚರಿಗೆ ಹೇಳುತ್ತಿಲ್ಲ. ಐದು ಮಾತು ಸಾಕು: ನೀರು, ಹಸಿವು, ಒಂದಕ್ಕೆ, ಹೊಟ್ಟೆ ನೋವು, ಅಮ್ಮ ಬರ್ತಾಳೆ. "ಪೇಟ್ ದುಖ್ರಾ" ಅಂತ ಮಗು ಅಂದಾಗ "ಕನ್ನಡದಲ್ಲಿ ಹೇಳು" ಅಂದರೆ ಅದು ಮತ್ತೆ ಬಾಯಿಯೇ ತೆಗೆಯುವುದಿಲ್ಲ.

ಈಗ ಅಪ್ಪ-ಅಮ್ಮಂದಿರಿಗೆ ನಾಲ್ಕು ಮಾತು. ಬೇಜಾರಾಗಬೇಡಿ.

ಏಪ್ರಿಲ್, ಮೇ ಎರಡು ತಿಂಗಳು ನೀವೇ ಮಗುವಿನ ತಲೆಗೆ ಹೆದರಿಕೆ ತುಂಬುತ್ತೀರಿ. "ತಾಳು, ಸ್ಕೂಲಿಗೆ ಹಾಕ್ತೀನಿ, ಮೇಷ್ಟ್ರು ಬುದ್ಧಿ ಕಲಿಸ್ತಾರೆ." "ಹೀಗೇ ಹಟ ಮಾಡು, ಮಿಸ್ಸಿಗೆ ಹೇಳಿ ಬಾರಿಸ್ತೀನಿ." ಅನ್ನ ಉಂಡಿಲ್ಲ ಅಂದರೂ ಸ್ಕೂಲು, ನಿದ್ದೆ ಮಾಡಿಲ್ಲ ಅಂದರೂ ಸ್ಕೂಲು. ನಮ್ಮ ಕಾಲದಲ್ಲಿ ಗುಮ್ಮ ಇದ್ದ. ಈಗ ಗುಮ್ಮನ ಕೆಲಸಕ್ಕೆ ಸ್ಕೂಲನ್ನು ಇಟ್ಟುಕೊಂಡಿದ್ದೀರಿ. ಜೂನ್‌ನಲ್ಲಿ ಅದೇ ಗುಮ್ಮನ ಮನೆಗೆ ಬ್ಯಾಗು ಹಾಕಿ ಕಳಿಸಿದರೆ ಮಗು ಹೆದರದೆ ಇನ್ನೇನು ಮಾಡುತ್ತದೆ? ಹೊಡೆಯುವುದು ಇರಲಿ, ಮನಸ್ಸಿಗೆ ನೋವಾಗುವ ಹಾಗೆ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಟೀಚರ್ ಮಾಡಬಾರದ್ದನ್ನು ಅವರ ಹೆಸರಲ್ಲಿ ಮನೆಯಲ್ಲಿ ನೀವು ಮಾಡಬೇಡಿ.

ಇನ್ನೊಂದು, ಮಾಯವಾಗುವ ಆಟ. "ಇಲ್ಲೇ ಕೂತಿರು, ಚಾಕ್ಲೇಟ್ ತರ್ತೀನಿ" ಅಂತ ಹೇಳಿ ಹಿಂಬಾಗಿಲಿಂದ ಹೋಗಿಬಿಡುವುದು. ಅಳು ನೋಡಲಾರದೆ ಹಾಗೆ ಮಾಡುತ್ತೀರಿ, ಗೊತ್ತು. ಆವತ್ತಿನ ಅಳು ಹೇಗೋ ಕಳೆಯುತ್ತದೆ. ಮಾರನೇ ದಿನದಿಂದ ಮಗು ನಿಮ್ಮ ಸೀರೆಯನ್ನು ಹಿಡಿಯುವ ಬಿಗಿ ನೋಡಿ, ಗಂಟು ಬಿಚ್ಚಿದ ಹಾಗೆ ಬೆರಳು ಬೆರಳಾಗಿ ಬಿಡಿಸಬೇಕಾಗುತ್ತದೆ. ಹೇಳಿಯೇ ಹೋಗಿ. ಅಳಲಿ ಬಿಡಿ. ಹೇಳುವಾಗ ಮೂರು ಗಂಟೆ, ನಾಲ್ಕು ಗಂಟೆ ಅನ್ನಬೇಡಿ, ಅದಕ್ಕೆ ಗಡಿಯಾರ ಗೊತ್ತಿಲ್ಲ. "ಹಾಲು ಕುಡೀತೀಯ, ಆಟ ಆಡ್ತೀಯ, ಊಟ ಮಾಡ್ತೀಯ, ಆಮೇಲೆ ನಾನು ಬೇವಿನ ಮರದ ಹತ್ರ ನಿಂತಿರ್ತೀನಿ" ಅನ್ನಿ. ಹೇಳಿದ ಮೇಲೆ ಬೇವಿನ ಮರದ ಹತ್ತಿರವೇ ನಿಂತಿರಿ. ಹತ್ತು ನಿಮಿಷ ಮೊದಲೇ ನಿಂತಿರಿ. ಎಲ್ಲ ಮಕ್ಕಳೂ ಹೋಗಿ ತನ್ನವರು ಮಾತ್ರ ಬಂದಿಲ್ಲ ಅನ್ನುವ ಹತ್ತು ನಿಮಿಷ ಆ ವಯಸ್ಸಿಗೆ ಬಹಳ ಉದ್ದ.

ಸಂಜೆ ಬಂದ ಕೂಡಲೇ "ಏನು ಬರೆಸಿದ್ರು?" ಅಂತ ಬ್ಯಾಗು ಬಿಚ್ಚಬೇಡಿ. ಯಾರ ಪಕ್ಕ ಕೂತೆ ಅಂತ ಕೇಳಿ. ಒಂದು ಹೆಸರು ಹೇಳಿತು ಅಂದರೆ ಅರ್ಧ ಗೆದ್ದ ಹಾಗೆ. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಜೂನ್‌ನಲ್ಲಿ ಮತ್ತೆ ಶುರು ಮಾಡಿದರೆ ಬೈಯಬೇಡಿ, ಬೀದಿಯಲ್ಲಿ ಹೇಳಿ ನಗಬೇಡಿ. ಸ್ವಲ್ಪ ದಿನ ಕಳೆದರೆ ತಾನಾಗಿ ಸರಿಹೋಗುತ್ತದೆ. ಸೋಮವಾರ ಅಳು ಜಾಸ್ತಿ ಇರುತ್ತದೆ, ಭಾನುವಾರ ಮನೆಯ ರುಚಿ ಹತ್ತಿರುತ್ತದಲ್ಲ.

ವಯಸ್ಸಿನ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲಿ ಆದೇಶ ಬಂತು, 2025-26ರಿಂದ ಜಾರಿ ಅಂದರು. ಪೋಷಕರು ಗಲಾಟೆ ಮಾಡಿ, ಆ ಒಂದು ವರ್ಷಕ್ಕೆ ಅದು ಐದು ವರ್ಷ ಐದು ತಿಂಗಳಿಗೆ ಇಳಿಯಿತು. ನನ್ನ ಅನುಭವದಲ್ಲಿ ಆರು ತುಂಬಿದ ಮಗು ಹೊಸ ಬಾಗಿಲು ದಾಟುವುದೇ ಬೇರೆ ರೀತಿ. ಆರೇಳು ತಿಂಗಳು ಅಂದರೆ ದೊಡ್ಡವರಿಗೆ ಏನೂ ಅಲ್ಲ. ಐದು ವರ್ಷದ ಮಗುವಿಗೆ ಅದು ಅದರ ಆಯಸ್ಸಿನ ಹತ್ತರಲ್ಲೊಂದು ಪಾಲು. ಒಂದು ವರ್ಷ ನಮ್ಮಲ್ಲೇ ಇನ್ನೂ ಆಡಿಕೊಂಡಿರಲಿ, ಓಡಿಹೋಗುವುದೇನಿದೆ?

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು.

ಮರಿ ಅದೊಂದೇ ದಿನ ಬಂದು ಸುಮ್ಮನಾಗಲಿಲ್ಲ. ದಿನಾ ಬರತೊಡಗಿದ. ಟೀಚರ್ ಆ ಕಡೆ ತಿರುಗಿದರೆ ಇವನು ಈ ಕಡೆ. ಒಂದು ದಿನ ಶಾಲೆಯಿಂದ ನನಗೇ ಮಾತು ಬಂತು: "ನೀವು ಒಳಗೆ ಬಿಟ್ಟುಕೊಳ್ಳೋದ್ರಿಂದಲೇ ಅವನು ಹೀಗೆ ಮಾಡೋದು." ಸರಿ ಅನ್ನಿಸಿತು. ಮಾರನೇ ದಿನ ಅವನು ಬರುವುದು ಕಿಟಕಿಯಲ್ಲಿ ಕಂಡಿತು. ಎದ್ದು ಹೋಗಿ ಗ್ರಿಲ್ ಗೇಟಿಗೆ ಬೀಗ ಹಾಕಿದೆ. ಅವನು ಬಂದು ನಿಂತ. ಗೇಟು ಅಲ್ಲಾಡಿಸಲಿಲ್ಲ. ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ. ಒಳಗೆ ಮಕ್ಕಳು ಆನೆ ಹಾಡು ಹಾಡುತ್ತಿದ್ದರು, ಕೈಯನ್ನು ಸೊಂಡಿಲು ಮಾಡಿ. ಅವನೂ ಹೊರಗೆ ನಿಂತೇ ಬಾಯಿ ಆಡಿಸಿದ, ಒಂದು ಕೈ ಸರಳಿನಿಂದ ಬಿಡಿಸಿ ಸೊಂಡಿಲು ಮಾಡಿದ. ಹಾಡು ಮುಗಿಯುವವರೆಗೂ ಇದ್ದ. ಆಮೇಲೆ ತಿರುಗಿ ಶಾಲೆ ಕಡೆಗೆ ಹೋಗಲಿಲ್ಲ. ಮನೆಗೆ ಹೋದ. ಮುಂದಿನ ಹತ್ತು ದಿನ ಎರಡೂ ಕಡೆ ಬರಲಿಲ್ಲ.

ಅವನ ಮನೆಗೆ ಹೋದಾಗ ಅಜ್ಜಿ ಕಾಫಿ ಕೊಟ್ಟರು. ಅವನು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ.

ಆ ವರ್ಷ ಡಿಸೆಂಬರ್‌ನಲ್ಲಿ ಹೊಸ ನಲಿ ಕಲಿ ಟೀಚರ್ ಬಂದರು. ಒಂದು ದಿನ ಬೋರ್‌ವೆಲ್ ಹತ್ತಿರ ಸಿಕ್ಕಾಗ ಇದನ್ನೆಲ್ಲ ಅವರಿಗೆ ಹೇಳಿದೆ. "ಮುಂದಿನ ವರ್ಷ ಬರೋ ಮಕ್ಕಳನ್ನ ಈಗಲೇ ಕಳಿಸಿ ನೋಡೋಣ" ಅಂದರು. ಮಾರ್ಚ್ ತಿಂಗಳು ಪ್ರತಿ ಶನಿವಾರ ಆರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಮೊದಲ ವಾರ ಬಾಗಿಲಲ್ಲಿ ನಿಂತು ನೋಡಿ ಬಂದೆವು. ಎರಡನೇ ವಾರ ಒಳಗೆ ಕೂತು ಒಂದು ಹಾಡು. ಮೂರನೇ ವಾರ ಪ್ರತಿ ಮಗುವೂ ಒಂದು ಚಿತ್ರ ಬರೆಯಿತು. ಟೀಚರ್ ಅದನ್ನು ಚಪ್ಪರಕ್ಕೆ ಕಟ್ಟಿ, "ಜೂನ್‌ಗೆ ಬಂದಾಗ ಇಲ್ಲೇ ಇರುತ್ತೆ" ಅಂದರು. ನಾಲ್ಕನೇ ವಾರ ಮೂರನೇ ಕ್ಲಾಸಿನ ಒಬ್ಬೊಬ್ಬ ಮಗುವನ್ನು ಒಂದೊಂದು ಚಿಕ್ಕ ಮಗುವಿಗೆ ಜೊತೆ ಮಾಡಿದರು. ಆ ದೊಡ್ಡ ಮಕ್ಕಳ ಗತ್ತು ನೋಡಬೇಕಿತ್ತು ನೀವು. ಒಬ್ಬಳಂತೂ ಸೊಂಟಕ್ಕೆ ಕರ್ಚೀಫು ಸಿಕ್ಕಿಸಿಕೊಂಡೇ ಬಂದಿದ್ದಳು, ಮೂಗು ಒರೆಸುವುದು ತನ್ನ ಡ್ಯೂಟಿ ಅಂತ.

ನಾನು ಪ್ರತಿ ಮಗುವಿಗೆ ಒಂದು ಚೀಟಿ ಬರೆದುಕೊಟ್ಟೆ. ಮನೆಯಲ್ಲಿ ಕರೆಯುವ ಹೆಸರು. ಮನೆ ಮಾತು. ಏನು ಕಂಡರೆ ಭಯ. ಏನು ತಿನ್ನುವುದಿಲ್ಲ. ಅತ್ತರೆ ಏನು ಮಾಡಿದರೆ ಸುಮ್ಮನಾಗುತ್ತದೆ. ಯಾರು ಕರೆದುಕೊಂಡು ಹೋಗುತ್ತಾರೆ. ಒಂದು ಮಗುವಿಗೆ ಆರು ಸಾಲು, ಅಷ್ಟೇ. ಒಂದು ಚೀಟಿಯಲ್ಲಿ ಹೀಗೆ ಬರೆದದ್ದು ನೆನಪಿದೆ: "ಅತ್ತರೆ ಎತ್ತಿಕೊಳ್ಳಬೇಡಿ, ಜಾಸ್ತಿ ಅಳುತ್ತಾಳೆ. ಕಡ್ಲೆಬೀಜ ಸುಲಿಯೋಕೆ ಕೊಡಿ."

ಜೂನ್‌ನಲ್ಲಿ ಮೊದಲ ಮೂರು ದಿನ ಆ ಮಕ್ಕಳು ಬಿಸಿಯೂಟ ಮುಗಿಸಿ ಮನೆಗೆ ಹೋದರು. ಯಾರಾದರೂ ಒಬ್ಬ ಮನೆಯವರು ಗೋಡೆ ಪಕ್ಕ ಕೂತಿರಬಹುದು ಅಂತ ಟೀಚರ್ ಹೇಳಿದರು. ಬಂದವರು ಅಜ್ಜಿಯಂದಿರೇ. ನಮ್ಮ ಕಡೆ ಜೂನ್ ಅಂದರೆ ಹೊಗೆಸೊಪ್ಪಿನ ಹೊಲದ ಕೆಲಸ, ಅಮ್ಮಂದಿರಿಗೆ ಒಂದು ದಿನದ ಕೂಲಿ ಬಿಡುವುದು ಸುಲಭವಲ್ಲ. ಅಜ್ಜಿಯರು ಎಲೆಅಡಿಕೆ ಚೀಲ ಹಿಡಿದು ಗೋಡೆಗೆ ಒರಗಿ ಕೂತರು. ಎರಡನೇ ದಿನ ಒಬ್ಬರು ತೂಕಡಿಸಿದರು. ಮೂರನೇ ದಿನ ಒಂದು ಮಗು ತಿರುಗಿ, "ನೀನು ಹೋಗಜ್ಜಿ" ಅಂದಿತಂತೆ. ಮಧ್ಯಾಹ್ನ ಕಣ್ಣು ಎಳೆಯುವ ಮಕ್ಕಳನ್ನು ಅಲ್ಲೇ ಚಾಪೆ ಮೇಲೆ ಮಲಗಿಸಿದರು. ಮೂರು ವರ್ಷ ಊಟವಾದ ಮೇಲೆ ಮಲಗಿ ಅಭ್ಯಾಸವಾದವರು, ಒಂದೇ ದಿನದಲ್ಲಿ ಸಂಜೆವರೆಗೆ ಕೂರು ಅಂದರೆ ಹೇಗೆ ಕೂರುತ್ತಾರೆ?

ಆ ವರ್ಷ ಯಾರೂ ಅಳಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಇಬ್ಬರು ಚೆನ್ನಾಗಿಯೇ ಅತ್ತರು. ಆದರೆ ಆ ಇಪ್ಪತ್ತೆರಡು ಹೆಜ್ಜೆ ಹಿಂದಕ್ಕೆ ಓಡಿ ಬಂದವರು ಒಬ್ಬರೂ ಇಲ್ಲ. ಕಿಟಕಿ ಪಕ್ಕದ ಜಾಗ ಹೊಸ ಮಗುವಿಗೇ ಉಳಿಯಿತು.

ಜುಲೈನಲ್ಲಿ ಆ ಟೀಚರಿಗೆ ವರ್ಗಾವಣೆ ಆಯಿತು.

ವರ್ಗಾವಣೆ ಬೇಡ ಅಂತ ಹೇಳಲು ನಾನು ಯಾರು? ಅವರಿಗೂ ಮನೆ, ಮಕ್ಕಳು, ವಯಸ್ಸಾದ ಅತ್ತೆ-ಮಾವ ಇದ್ದರು. ಆದರೆ ವರ್ಗಾವಣೆಯ ಕೌನ್ಸೆಲಿಂಗ್ ಜೂನ್, ಜುಲೈನಲ್ಲಿ ನಡೆದರೆ ಏನಾಗುತ್ತದೆ ನೋಡಿ. ಮಗು ಆಗ ತಾನೇ ಒಂದು ಮುಖ ನಂಬಿರುತ್ತದೆ. ಆ ಮುಖ ಹೋಗಿಬಿಡುತ್ತದೆ. ಅತಿಥಿ ಶಿಕ್ಷಕರು ಬರುವ ತನಕ ಮೂರು ನಾಲ್ಕು ವಾರ ಯಾರೋ ಒಬ್ಬರು ಬಂದು ಬಾಗಿಲಲ್ಲಿ ಕಣ್ಣಾಡಿಸಿ ಹೋಗುತ್ತಾರೆ. ಆ ಆರು ಮಕ್ಕಳು ಮತ್ತೆ ಅಳಲು ಶುರು ಮಾಡಿದರು. ಹೊಸಬರು ಬಂದು ಕೊಠಡಿ ಚೊಕ್ಕ ಮಾಡುವಾಗ ಚಪ್ಪರದ ಚಿತ್ರಗಳೂ ಹೋದವು. ಅವರಿಗೇನು ಗೊತ್ತು ಅವು ಯಾರವು ಅಂತ. ನಮ್ಮಿಬ್ಬರ ಏರ್ಪಾಡು ಅಲ್ಲಿಗೆ ಮುಗಿಯಿತು. ಅದು ಇಬ್ಬರು ಹೆಂಗಸರು ಬೋರ್‌ವೆಲ್ ಹತ್ತಿರ ಮಾತಾಡಿಕೊಂಡದ್ದು, ಯಾವ ಫೈಲಿನಲ್ಲೂ ಇರಲಿಲ್ಲ.

ಅದಕ್ಕೇ ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು. ಎರಡೂ ಇಲಾಖೆ ಸೇರಿ ಒಂದೇ ಒಂದು ಜಂಟಿ ಸುತ್ತೋಲೆ ಹೊರಡಿಸಿ. ಶಾಲೆ ಏಪ್ರಿಲ್ 10ರ ಹೊತ್ತಿಗೆ ಮುಚ್ಚುತ್ತದೆ. ಅದಕ್ಕೆ ಮೊದಲು ನಾಲ್ಕು ಶನಿವಾರ ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಕೂತು ಬರಲಿ. ಆ ಆರು ಸಾಲಿನ ಚೀಟಿ ಮಗುವಿನ ದಾಖಲಾತಿ ಕಾಗದದ ಜೊತೆಗೇ ಇರಲಿ. ದಯವಿಟ್ಟು ಅದನ್ನು ಆ್ಯಪ್ ಮಾಡಬೇಡಿ, ಕೈಮುಗಿದು ಕೇಳುತ್ತೇನೆ, ಇರುವ ಆ್ಯಪುಗಳೇ ಸಾಕಾಗಿದೆ. ಕಾಗದದ ಚೀಟಿ ಸಾಕು. ಶಾಲೆ ತೆರೆದ ಮೊದಲ ಎರಡು ವಾರ ಒಂದನೇ ಕ್ಲಾಸಿನವರಿಗೆ ದಿನ ಚಿಕ್ಕದಿರಲಿ, ಮನೆಯವರಿಗೆ ಗೋಡೆ ಪಕ್ಕ ಜಾಗವಿರಲಿ. ಆ ಎರಡು ವಾರ ಒಂದನೇ ಕ್ಲಾಸಿನ ಟೀಚರನ್ನು ತರಬೇತಿಗೂ ಕರೆಯಬೇಡಿ, ಮೀಟಿಂಗಿಗೂ ಕರೆಯಬೇಡಿ, ಸ್ಯಾಟ್ಸ್ ಎಂಟ್ರಿಗೆ ಕೂರಿಸಬೇಡಿ. ವರ್ಗಾವಣೆ ಬೇಸಿಗೆ ರಜೆಯಲ್ಲೇ ಮುಗಿಸಿ. ಅದು ಆಗದಿದ್ದರೆ ಒಂದನೇ ಕ್ಲಾಸಿನವರನ್ನು ದಸರಾ ರಜೆಯವರೆಗಾದರೂ ಬಿಡಿ. ಅಂಗನವಾಡಿ ದೂರ ಇರುವ ಊರುಗಳಲ್ಲಿ ಏನು ಮಾಡುವುದು ಅಂತ ಕೇಳುತ್ತೀರಿ. ನಮ್ಮ ಸಹಾಯಕಿಯೋ ನಾನೋ ಮೊದಲ ವಾರ ಬೆಳಿಗ್ಗೆ ಒಂದು ಗಂಟೆ ಹೋಗಿ ಅಲ್ಲಿ ನಿಂತರೆ ಆಯಿತು, ಗೊತ್ತಿರುವ ಒಂದು ಮುಖ ಇದ್ದರೆ ಮಗು ಒಳಗೆ ಹೋಗುತ್ತದೆ. ಆ ಒಂದು ಗಂಟೆಯನ್ನು ಕೇಂದ್ರ ಬಿಟ್ಟು ಹೋದಳು ಅಂತ ನೋಟಿಸಿಗೆ ಬರೆಯದೆ ಕೆಲಸ ಅಂತ ಬರೆದುಕೊಳ್ಳಿ.

ಇದಕ್ಕೆ ದೊಡ್ಡ ದುಡ್ಡು ಬೇಕಿಲ್ಲ. ಅಂಗನವಾಡಿಗಳು ಶಾಲೆಯ ಆವರಣಕ್ಕೇ ಬರಲಿ ಅಂತ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ನಾವು ಬಂದೇ ಎಷ್ಟೋ ವರ್ಷ ಆಗಿದೆ. ಹತ್ತಿರ ಕಟ್ಟಿದ ಮಾತ್ರಕ್ಕೆ ಹತ್ತಿರ ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ಕಾಂಪೌಂಡೇ ಸಾಕ್ಷಿ.

ಮರಿ ಈಗ ದೊಡ್ಡವನಾಗಿದ್ದಾನೆ. ಬೋರ್‌ವೆಲ್ ಹತ್ತಿರ ಸಿಕ್ಕರೆ ನಗುತ್ತಾನೆ, ಉದ್ದದ ಹೆಸರಿನಲ್ಲಿ ಕರೆದರೆ ತಿರುಗುತ್ತಾನೆ. ಅಂಗನವಾಡಿ ಒಳಗೆ ಮಾತ್ರ ಬರುವುದಿಲ್ಲ. ಗೇಟಿನ ಹೊರಗೇ ನಿಂತು ಮಾತಾಡಿಸುತ್ತಾನೆ.

ಈಗ ಮಾರ್ಚ್ ನಡೆಯುತ್ತಿದೆ. ಈ ವರ್ಷ ನನ್ನಿಂದ ಏಳು ಮಕ್ಕಳು ಒಂದನೇ ಕ್ಲಾಸಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬಳಿಗೆ ಗುಡುಗು ಅಂದರೆ ಭಯ, ಒಬ್ಬ ಎಡಗೈಯಲ್ಲಿ ಬರೆಯುತ್ತಾನೆ, ಇಬ್ಬರು ಅವಳಿ, ಅವರನ್ನು ಬೇರೆ ಬೇರೆ ಕೂರಿಸಿದರೆ ಇಬ್ಬರೂ ಊಟ ಬಿಡುತ್ತಾರೆ. ಏಳು ಚೀಟಿಯನ್ನೂ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಯಾರು ಬರುತ್ತಾರೆ ಅಂತ ಶಾಲೆಯಲ್ಲಿ ಕೇಳಿದೆ, ಅವರಿಗೂ ಗೊತ್ತಿಲ್ಲವಂತೆ. ಯಾರ ಕೈಗೆ ಕೊಡಬೇಕು ಅಂತ ರಜೆ ಶುರುವಾಗುವುದರೊಳಗೆ ತಿಳಿಸಿ.

ಇಂತಿ,
ಮೈಸೂರು ಜಿಲ್ಲೆಯ ಒಬ್ಬ ಅಂಗನವಾಡಿ ಟೀಚರ್